ತೋಳು ಇಳಿಸಿದ ಅಂಗಿ

ನನ್ನನ್ನು ಮೊದಲ ಸಲ ಕಂಡವರೆಲ್ಲ ನಗುತ್ತಾರೆ. "ಇದೇನಪ್ಪಾ, ಇದರೊಳಗೆ ಇಬ್ಬರು ತೂರಿಕೊಳ್ಳಬಹುದು" ಎನ್ನುತ್ತಾರೆ. ನಗಲಿ ಬಿಡಿ. ನಾನೊಂದು ದೊಗಳೆ ಅಂಗಿ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಮೈಗಿಂತ ಒಂದು ಗೇಣು ಅಗಲ, ಬೆರಳ ಗೆಣ್ಣು ಮುಟ್ಟುವ ತೋಳು, ಕೆನೆ ಬಣ್ಣ. ಹುಣಸೂರಿನ ಟೈಲರ್ ಅಸ್ಲಮಣ್ಣನ ಮಿಷನ್ನಿನ ಸೂಜಿಯ ಕೆಳಗೆ ಒಂದು ಮಂಗಳವಾರ ಮಧ್ಯಾಹ್ನ ಹುಟ್ಟಿದೆ. ನಿಜ ಹೇಳಬೇಕೆಂದರೆ, ಹೊಲಿದ ಅಸ್ಲಮಣ್ಣನಿಗೂ ನಾನು ಹಿಡಿಸಿರಲಿಲ್ಲ.

"ನೀನು ಹೋಗ್ತಿರೋದು ಆಫ್ರಿಕಾಗೆ, ಊಟಿಗಲ್ಲ. ಆ ಬಿಸಿಲಿಗೆ ತುಂಬುತೋಳು ಯಾಕೋ ಬಾಲರಾಜ? ಅರ್ಧ ತೋಳು ಇಟ್ಬಿಡ್ತೀನಿ, ಬಟ್ಟೆನೂ ಉಳಿಯುತ್ತೆ" ಎಂದು ಅವನು ಕತ್ತರಿ ಎತ್ತಿದ್ದ.

"ಬ್ಯಾಡ ಕಣಣ್ಣ, ಡಾಕ್ಟ್ರು ಹೇಳವ್ರೆ. ತೋಳು ಉದ್ದ ಇರ್ಲಿ, ಸಡಿಲವಾಗಿರ್ಲಿ, ಬಣ್ಣ ತಿಳಿಯಾಗಿರ್ಲಿ ಅಂದ್ರು" ಎಂದ ನನ್ನ ಒಡೆಯ. ಹಾಗೆ ಹೇಳುವಾಗ ಅವನ ಮುಖ ಸಪ್ಪಗಿತ್ತು. ಯಾಕೆ ಎಂದು ನನಗೆ ಗೊತ್ತಾದದ್ದು ಅವನ ಹೆಂಡತಿ ಇಂದುಮತಿಯ ಬಾಯಿಂದ. ನಾನು ಹುಟ್ಟುವುದಕ್ಕೆ ಮೊದಲಿನ ಆ ಕತೆಯನ್ನು ಅವಳು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಬಾಲರಾಜ ಹಕ್ಕಿಪಿಕ್ಕಿಯವನು. ಅವರ ಹಿರಿಯರು ಕಾಡಿನಲ್ಲಿ ಬಲೆ ಹಾಸಿ ಹಕ್ಕಿ ಹಿಡಿಯುತ್ತಿದ್ದವರು. ಕಾನೂನು ಬಂತು, ಬಲೆ ಹೋಯಿತು. ಈಗ ಬೇರು, ಸೊಪ್ಪು ಹಾಕಿ ಕೂದಲಿನ ಎಣ್ಣೆ ಕಾಯಿಸುತ್ತಾರೆ. ಅದನ್ನು ಹೊತ್ತು ಊರೂರು ತಿರುಗುತ್ತಾರೆ, ವಿಮಾನ ಹತ್ತಿ ಪರದೇಶಕ್ಕೂ ಹೋಗುತ್ತಾರೆ. ಮನೆಯಲ್ಲಿ ಅವರದೇ ಒಂದು ಭಾಷೆ ಇದೆ. ಹುಣಸೂರಿನಲ್ಲಿ ಹುಟ್ಟಿದ ನನಗೆ ಬರುವುದು ಕನ್ನಡ ಒಂದೇ, ಆದರೂ ಮೈಗೆ ಅಂಟಿಕೊಂಡು ಇರುವವನಿಗೆ ಏನು ತಾನೇ ಅರ್ಥವಾಗುವುದಿಲ್ಲ? ಅವರಾಡಿದ್ದನ್ನು ನನಗೆ ಬಂದ ಕನ್ನಡದಲ್ಲೇ ಹೇಳುತ್ತೇನೆ.

ಬಾಲರಾಜನಿಗೆ ಒಬ್ಬಳೇ ಅಕ್ಕ, ಗುಲಾಬಿ. ಗಂಡ ತೀರಿಕೊಂಡ ಮೇಲೆ ಅವಳು ಪ್ರತಿ ವರ್ಷ ತಮ್ಮ ಹಕ್ಕಿಪಿಕ್ಕಿ ಕಾಲೊನಿಯವರ ಜೊತೆ ಆಫ್ರಿಕಾದ ಒಂದು ಕಾಡಂಚಿನ ಪಟ್ಟಣಕ್ಕೆ ಎಣ್ಣೆ ಮಾರಲು ಹೋಗುತ್ತಿದ್ದಳು. ಆ ವರ್ಷ ಜೊತೆಯವರೆಲ್ಲ ಎಣ್ಣೆ ಮಾರಿ ಮುಗಿಸಿ ವಾಪಸು ಬಂದ ಮೇಲೆ, ಒಂದು ವಾರ ತಡೆದು ಬರುತ್ತೇನೆಂದು ಅವಳೊಬ್ಬಳೇ ಉಳಿದಳು. ಎಣ್ಣೆ ಚೆಲ್ಲಿದ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಅಲ್ಲಿಯ ಆಸ್ಪತ್ರೆಯಲ್ಲಿ ಮೂಳೆಗೆ ಪ್ಲೇಟ್ ಹಾಕಿದರು. ಜೊತೆಗೊಬ್ಬರು ಇಲ್ಲದೆ ವಿಮಾನ ಹತ್ತುವಂತಿಲ್ಲ ಎಂದರು. ಕರೆತರಲು ತಮ್ಮನಲ್ಲದೆ ಇನ್ಯಾರು ಹೋಗಬೇಕು?

ಆ ದೇಶಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಲೇಬೇಕು. ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲೆ ಅದು ಲೆಕ್ಕಕ್ಕೆ ಬರುತ್ತದೆ. ಬಾಲರಾಜ, ಇಂದುಮತಿ ಬೆಂಗಳೂರಿನ ಲಸಿಕೆ ಕೇಂದ್ರಕ್ಕೆ ಹೋದರು. ಬೇರೆ ದೇಶಗಳಿಗೆ ಹೊರಟಿದ್ದ ಕಾಲೊನಿಯ ಇನ್ನೂ ಐದಾರು ಜನ ಲಸಿಕೆಗೆ ಬಂದು ಬೆಂಚಿನ ಮೇಲೆ ಕುಳಿತಿದ್ದರು. ಡಾಕ್ಟರ್ ಫರ್ಹಾನಾ ಸಿರಿಂಜು ಎತ್ತುವ ಮೊದಲು ಒಂದೊಂದೇ ಪ್ರಶ್ನೆ ಕೇಳುತ್ತಾ ಬಂದರು. "ಮೊಟ್ಟೆ ತಿಂದ್ರೆ ಮೈಗೆ ಏನಾದ್ರೂ ಆಗುತ್ತಾ?"

"ಏನೂ ಆಗಲ್ಲ ಮೇಡಂ" ಎಂದ ಬಾಲರಾಜ.

ಇಂದುಮತಿ ಎದ್ದು ನಿಂತಳು. "ಸುಳ್ಳು ಹೇಳ್ತಾವ್ರೆ ಡಾಕ್ಟ್ರೇ! ಮದ್ವೆ ಆದ ವರ್ಷ ಗೊತ್ತಿಲ್ದೆ ಮೊಟ್ಟೆ ಸಾರು ಇಕ್ಕಿದ್ದೆ. ತುಟಿ ಹಿಂಗೆ ಊದಿ, ಉಸ್ರು ಸಿಗ್ದೆ, ಆಸ್ಪತ್ರೆಗೆ ಹೊತ್ಕೊಂಡು ಓಡಿದ್ವಿ!"

ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಕಿಸಕ್ಕನೆ ನಕ್ಕ. ನಿಮಗೆ ಇದು ವಿಚಿತ್ರ ಅನ್ನಿಸಬಹುದು. ಹಕ್ಕಿ ಹಿಡಿಯುವವರ ಕುಲದಲ್ಲಿ ಹುಟ್ಟಿ ಮೊಟ್ಟೆ ಒಗ್ಗುವುದಿಲ್ಲ ಎಂದರೆ ನಗೆಪಾಟಲು. ಅವನ ತಾತ ದೊಡ್ಡ ಬೇಟೆಗಾರ, ಗೌಜಲಕ್ಕಿಯ ಕೂಗು ಕೂಗಿ ಆ ಹಕ್ಕಿಯನ್ನೇ ಕಾಲಬುಡಕ್ಕೆ ಕರೆಸುತ್ತಿದ್ದವನು. ಮನೆಗೆ ಮೊಟ್ಟೆ ಬಂದ ದಿನ ಮಕ್ಕಳಿಗೆಲ್ಲ ಒಂದೊಂದು ಪಾಲು. ಬಾಲರಾಜನ ಪಾಲನ್ನು ಯಾರಿಗೂ ಕಾಣದಂತೆ ಗುಲಾಬಿ ತಿಂದುಬಿಡುತ್ತಿದ್ದಳು. ತಾತ ಸತ್ತ ಮೇಲೂ ವಿಷಯ ಮನೆಯವರನ್ನು ದಾಟಿ ಹೊರಗೆ ಬರಲಿಲ್ಲ. ನಲವತ್ತೆರಡು ವರ್ಷ ಕಾಪಾಡಿಕೊಂಡು ಬಂದ ಮರ್ಯಾದೆ ಆ ಬೆಂಚಿನ ಮುಂದೆ ಒಂದೇ ನಿಮಿಷದಲ್ಲಿ ಹೋಯಿತು.

ಡಾಕ್ಟರ್ ಸಿರಿಂಜನ್ನು ಕೆಳಗಿಟ್ಟರು. "ನಿಮ್ಮ ಹೆಂಡ್ತಿಗೆ ಕೈಮುಗೀರಿ. ಈ ಲಸಿಕೆ ಬೆಳೆಸೋದೇ ಕೋಳಿಮೊಟ್ಟೇಲಿ. ಚುಚ್ಚಿದ್ರೆ ಇಲ್ಲೇ ಉಸಿರು ಕಟ್ಟಬಹುದಿತ್ತು. ನಿಮಗೆ ಹಾಕೋಕಾಗಲ್ಲ. ಲಸಿಕೆ ಇಲ್ದೆ ಆ ಕಡೆ ಹೋಗಲೂಬೇಡಿ."

"ಅಕ್ಕ ಅಲ್ಲಿ ಕಾಲು ಮುರ್ಕೊಂಡು ಬಿದ್ದವ್ಳೆ ಮೇಡಂ. ನಂಗೆ ಕಾಡು ಹೊಸದಾ?"

"ಆ ಕಾಡು ಹೊಸದೇ. ಅಲ್ಲಿಯ ಸೊಳ್ಳೆಗಳು ಮರದ ತುದೀಲಿ ಇರ್ತವೆ, ಪೊಟರೆ ನೀರಲ್ಲಿ ಮೊಟ್ಟೆ ಇಡ್ತವೆ, ಮಂಗಗಳ ರಕ್ತ ಕುಡೀತವೆ. ಮಂಗದಿಂದ ಸೊಳ್ಳೆಗೆ, ಸೊಳ್ಳೆಯಿಂದ ಮನುಷ್ಯನಿಗೆ. ಮರ ಕಡಿದಾಗ ಅವೂ ಕೆಳಗೆ ಬರ್ತವೆ. ರಾತ್ರಿ ಪರದೆ ಕಟ್ಟಿ ಮಲಗಿದ್ರೆ ಆಯ್ತು ಅಂದ್ಕೋಬೇಡಿ, ಇವು ಕಚ್ಚೋದು ಹಗಲು." ಅವನು ಹೋಗಿಯೇ ತೀರುತ್ತಾನೆ ಎಂದು ಖಾತ್ರಿಯಾದ ಮೇಲೆ ಅವರು ಲಸಿಕೆ ಯಾಕೆ ಹಾಕಿಲ್ಲ ಎಂದು ವಿವರಿಸಿ ಒಂದು ಪತ್ರ ಬರೆದರು. "ಇದನ್ನು ಅಧಿಕಾರಿಗಳಿಗೆ ತೋರ್ಸಿ. ಸೊಳ್ಳೆಗೆ ಓದೋಕೆ ಬರಲ್ಲ, ಅದು ನೆನಪಿರ್ಲಿ. ಮೈ ಮುಚ್ಚೋ ಬಟ್ಟೆ ಹೊಲಿಸ್ಕೊಳ್ಳಿ. ವಾಪಸು ಬಂದಾಗ ಆರು ದಿನ ನಿಮ್ಮನ್ನು ಪ್ರತ್ಯೇಕ ಕೋಣೇಲಿ ಇಡ್ತಾರೆ, ಜಗಳ ಆಡ್ಬೇಡಿ."

ಹೀಗೆ ನಾನು ಹುಟ್ಟಿದೆ. ಅವನ ಮೈಗೆ ಲಸಿಕೆ ಇಲ್ಲ, ಇದ್ದವನು ನಾನೊಬ್ಬ. ಈ ಮಾತು ತಿಳಿದ ದಿನದಿಂದ ನನಗೆ ಸ್ವಲ್ಪ ಗತ್ತು ಬಂದದ್ದು ಹೌದು.

ಆ ಗತ್ತನ್ನು ಇಂದುಮತಿ ಮೊದಲ ದಿನವೇ ಇಳಿಸಿದಳು. ಸೊಳ್ಳೆಪರದೆ ಅದ್ದುವ ಔಷಧಿ ನೀರಿಗೆ ನನ್ನನ್ನು ಮುಳುಗಿಸಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹಿಂಡಿದಳು. ಬಿಸಿಲಿಗೆ ಹಾಕಲಿಲ್ಲ, ನೆರಳಲ್ಲೇ ಒಣಗಿಸಿದಳು. ಎರಡು ದಿನ ನನ್ನ ಹತ್ತಿರ ಇರುವೆ ಕೂಡ ಸುಳಿಯಲಿಲ್ಲ. ಹೊಸ ಅಂಗಿಗೆ ಗಂಧ, ಅತ್ತರು ಪೂಸುವುದನ್ನು ಕೇಳಿದ್ದೆ, ನನ್ನ ಪಾಲಿಗೆ ಬಂದದ್ದು ಇದು. ಬಹಳ ಅವಮಾನವಾಯಿತು.

ಆ ದೇಶದ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಪತ್ರವನ್ನು ಎರಡು ಸಲ ಓದಿದ, ಬಾಲರಾಜನನ್ನು ನೋಡಿದ, ನನ್ನನ್ನು ನೋಡಿದ, ಮೊಹರು ಒತ್ತಿದ. ಅಲ್ಲಿಂದ ಇಡೀ ದಿನ ಬಸ್ಸು. ದಾರಿಯುದ್ದಕ್ಕೂ ಮರದ ದಿಮ್ಮಿ ಹೇರಿದ ಲಾರಿಗಳು. ಒಂದೊಂದು ದಿಮ್ಮಿ ಅಸ್ಲಮಣ್ಣನ ಅಂಗಡಿಯಷ್ಟು ದಪ್ಪ.

ಗುಲಾಬಿ ಇದ್ದದ್ದು ಒಡೆಟ್ ಎಂಬ ವಿಧವೆಯ ಮನೆಯಲ್ಲಿ ಬಾಡಿಗೆಗೆ. ಕಿಟಕಿಗೆಲ್ಲ ಜಾಲರಿ ಬಡಿಸಿದ ಮನೆ. ಹತ್ತು ವರ್ಷದ ಗೆಳೆತನ ಅವರದು. ಇಬ್ಬರಿಗೂ ಸೇರಿ ಬರುತ್ತಿದ್ದ ಮಾತು ಮೂವತ್ತು ಇರಬಹುದು, ಜಗಳ ಮಾತ್ರ ದಿನವೂ ಸಲೀಸಾಗಿ ನಡೆಯುತ್ತಿತ್ತು. ಬಾಲರಾಜ ಒಳಗೆ ಕಾಲಿಟ್ಟಾಗ ಗುಲಾಬಿ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದಳು. ತಮ್ಮನನ್ನು ನೋಡಿ ಮುಖ ಅರಳಿತು. ಮರುಕ್ಷಣ ಬಾಡಿತು.

"ಸೂಜಿ ಹಾಕಿಸ್ಕೊಂಡ್ಯಾ?"

ಅವನು ಚೀಲ ಕೆಳಗಿಡುವ ನೆಪದಲ್ಲಿ ಬಗ್ಗಿದ.

"ಆ ಸೂಜಿ ಮೊಟ್ಟೇದು ಅಂತ ನಾನು ಹಾಕಿಸ್ಕೊಂಡಾಗ್ಲೇ ಕೇಳಿದ್ದೆ. ನಿಂಗೆ ಆಗಲ್ಲ ಅಂತ ಗೊತ್ತಿತ್ತು. ಅದ್ಕೇ ಫೋನಲ್ಲಿ ಬರ್ಬ್ಯಾಡ, ಬೇರೆ ಯಾರನ್ನಾದ್ರೂ ಕಳ್ಸು ಅಂದಿದ್ದು! ಸಾಯಕ್ಕೆ ಬಂದ್ಯಾ?"

"ನಿನ್ನ ಕರ್ಕೊಂಡೋಗಕ್ಕೆ ಬಂದೆ" ಎಂದ ಅವನು. ಅವಳು ಅವನ ಕೈ ಹಿಡಿದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನು ಹಿಡಿದೆಳೆದು ಹೊಲಿಗೆ ಪರೀಕ್ಷೆ ಮಾಡಿದಳು. "ಬಟ್ಟೆ ಗಟ್ಟಿಯಾಗಿ ಅದೆ" ಅಂದಳು. ನನ್ನನ್ನು ಮೊದಲು ಹೊಗಳಿದವಳು ಅವಳೇ.

ನಾಲ್ಕೇ ದಿನದಲ್ಲಿ ಹೊರಡುವ ಯೋಚನೆ ಇತ್ತು. ಅಲ್ಲಿಯ ಡಾಕ್ಟರು ಒಪ್ಪಲಿಲ್ಲ, ಇನ್ನೂ ಮೂರು ವಾರ ಎಂದರು. ಸುಮ್ಮನೆ ಕೂರುವ ಜಾಯಮಾನ ಬಾಲರಾಜನದಲ್ಲ. ಮನೆಯ ಮುಂದೆ ಅಕ್ಕನ ಮೇಜು ಹಾಕಿ, ಉಳಿದ ಬಾಟಲಿ ಜೋಡಿಸಿ ಎಣ್ಣೆ ಮಾರಲು ಕುಳಿತ. ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ಎಣ್ಣೆ ಮಾರುವವರ ಕೆಲಸದ ರೀತಿಯೇ ಬೇರೆ. ಗಿರಾಕಿ ಬಂದ ಕೂಡಲೇ ಸ್ಟೂಲಿನ ಮೇಲೆ ಕೂರಿಸಬೇಕು, ಅಂಗೈಗೆ ಎಣ್ಣೆ ಸುರಿದುಕೊಳ್ಳಬೇಕು, ನೆತ್ತಿಗೆ ತಟ್ಟಿ ತಿಕ್ಕಬೇಕು. ಅದಕ್ಕೆ ಮೊದಲು ಎರಡೂ ತೋಳನ್ನು ಮೊಣಕೈ ಮೇಲಕ್ಕೆ ಮಡಚಲೇಬೇಕು. ಹಗಲಿಡೀ ಬಾಲರಾಜನ ಕೈ ಬರಿದು, ನಾನು ಮೊಣಕೈಯಲ್ಲಿ ಸುರುಳಿ. ಸಂಜೆ ಅಂಗಡಿ ಮುಚ್ಚಿ, ಕೈ ತೊಳೆದು, ಜಾಲರಿ ಹಾಕಿದ ಕೋಣೆಯೊಳಗೆ ಬಂದ ಮೇಲೆ ನೀಟಾಗಿ ತೋಳು ಇಳಿಸಿ ಗುಂಡಿ ಹಾಕಿಕೊಳ್ಳುತ್ತಿದ್ದ! ಡಾಕ್ಟರ್ ಹೇಳಿದ್ದರ ತದ್ವಿರುದ್ಧ. ಉದ್ದ ತೋಳಿದ್ದೂ ಅರ್ಧ ತೋಳಿನ ಬಾಳು ಬಾಳುವ ಸಂಕಟ ನಿಮಗೆ ಹೇಗೆ ಹೇಳಲಿ?

ಎರಡನೇ ದಿನ ಗುಲಾಬಿ ಊರುಗೋಲು ಹಿಡಿದು ಬಾಗಿಲ ತನಕ ಬಂದಳು. ನೋಡಿದಳು. ಊರುಗೋಲಿನ ತುದಿಯಿಂದ ತಮ್ಮನ ಬೆನ್ನಿಗೆ ತಿವಿದಳು.

"ತೋಳು ಇಳ್ಸೋ!"

"ಎಣ್ಣೆ ಮೆತ್ಕೊತದೆ ಅಕ್ಕ."

"ಮೆತ್ಕೊಳ್ಲಿ. ನೀನಿಲ್ಲಿ ಇರೋದು ಅಂಗಿ ಕಾಪಾಡಕ್ಕಾ?"

"ನಮ್ಮೆಣ್ಣೆ ಕೈಗೆ ಹಚ್ಕೊಂಡಿದೀನಲ್ಲ, ಈ ವಾಸ್ನೆಗೆ ಯಾವ ಸೊಳ್ಳೆ ಬರ್ತದೆ?"

"ಅದು ಕೂದ್ಲಿಗೆ ಕಣೋ! ಗಿರಾಕಿಗೆ ಹೇಳೋದನ್ನೆಲ್ಲ ನೀನೇ ನಂಬಿದ್ರೆ ಹೆಂಗೆ?"

ಆ ಮಾತಿಗೆ ಒಡೆಟ್‌ಗೆ ಏನು ತಿಳಿಯಿತೋ, ಹೊಟ್ಟೆ ಹಿಡಿದು ನಕ್ಕಳು. ಅಂದಿನಿಂದ ಗುಲಾಬಿ ಬಾಗಿಲಲ್ಲಿ ಕುರ್ಚಿ ಹಾಕಿ ಕಾವಲು ಕುಳಿತಳು. ಬಾಲರಾಜ ತೋಳು ಇಳಿಸಿಕೊಂಡೇ ಎಣ್ಣೆ ತಿಕ್ಕುವುದನ್ನು ಕಲಿತ. ಗಿರಾಕಿ ಎದ್ದ ಮೇಲೆ ಕೈ ಒರೆಸಿಕೊಂಡು, ಮುಖಕ್ಕೆ, ಕತ್ತಿಗೆ, ಅಂಗೈ ಹಿಂಬದಿಗೆ ಸೊಳ್ಳೆ ಓಡಿಸುವ ಕ್ರೀಮು ಹಚ್ಚಿಕೊಳ್ಳುತ್ತಿದ್ದ. ಬೆವರಿ ಹೋದರೆ ಮತ್ತೆ ಹಚ್ಚುವುದು. ನನ್ನ ಮುಂಗೈ ಪಟ್ಟಿಗಳು ಎಣ್ಣೆ ಕುಡಿದು ಹಸಿರಾದವು, ಜಿಡ್ಡಾದವು. ಔಷಧಿ ತೊಳೆದು ಹೋದೀತೆಂದು ಗುಲಾಬಿ ನನ್ನನ್ನು ಒಗೆಯಲೂ ಬಿಡುತ್ತಿರಲಿಲ್ಲ. ಹೊಲಸಾಗಿದ್ದೆ, ಆದರೂ ಖುಷಿಯಾಗಿದ್ದೆ.

ಹೊರಡುವುದಕ್ಕೆ ಮೂರು ದಿನ ಇರುವಾಗ ಅವನೊಂದು ಎಡವಟ್ಟು ಮಾಡಿದ. ಊರ ಹೊರಗಿನ ದಿಮ್ಮಿ ಡಿಪೋದಲ್ಲಿ ಗಿರಾಕಿಗಳಿದ್ದಾರೆ, ಮಿಕ್ಕ ಎಂಟು ಬಾಟಲಿ ಅಲ್ಲಿ ಖಾಲಿಯಾಗುತ್ತವೆ ಎಂದು ಯಾರೋ ಹೇಳಿದರು. ಅಕ್ಕ ನಿದ್ದೆ ಹೋದ ಹೊತ್ತಿನಲ್ಲಿ ಹೊರಟ. ಅಂದು ಬೆಳಿಗ್ಗೆ ಕಾಡಂಚಿನಲ್ಲಿ ಒಂದು ಭಾರಿ ಮರ ಕೆಡವಿದ್ದರು. ಅದರ ಕೊಂಬೆಯ ಪೊಟರೆಗಳಿಂದ ಇನ್ನೂ ನೀರು ಜಿನುಗುತ್ತಿತ್ತು. ಹಿಂದಿನ ವಾರ ಅಲ್ಲಿಯ ಒಬ್ಬ ಕೆಲಸಗಾರನನ್ನು ಜ್ವರ ಬಂದು, ಕಣ್ಣು ಹಳದಿಯಾಗಿ, ದೂರದ ಆಸ್ಪತ್ರೆಗೆ ಸಾಗಿಸಿದ್ದರು. ಇದು ಅವನಿಗೆ ತಿಳಿದದ್ದು ಆಮೇಲೆ.

ಸೆಖೆಗೆ ಅವನು ನನ್ನ ಕಾಲರ್ ಗುಂಡಿ ಬಿಚ್ಚಿ, ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ಕ್ರೀಮು ಅದರ ಜೊತೆಗೇ ಹೋಯಿತು. ಆಗ ಅವು ಬಂದವು. ಸಣ್ಣವು, ಸದ್ದಿಲ್ಲದವು, ಕಾಲಿನ ಮೇಲೆ ಬಿಳಿ ಪಟ್ಟೆ. ನನ್ನ ಎಡತೋಳಿನ ಮೇಲೆ ಒಂದು ಕುಳಿತಿತು. ಸೂಜಿ ಇಳಿಸಲು ನೋಡಿತು. ನಾನು ಸಡಿಲ, ನನ್ನ ಕೆಳಗೆ ಬರೀ ಗಾಳಿ, ಅದಕ್ಕೆ ಮೈ ಸಿಗಲಿಲ್ಲ. ಅಷ್ಟರಲ್ಲಿ ಇಂದುಮತಿಯ ಔಷಧಿ ಅದರ ಕಾಲಿಗೆ ಹತ್ತಿತು. ತೂರಾಡಿತು, ಉರುಳಿ ಬಿತ್ತು. ಬಲತೋಳಿನ ಮೇಲೆ ಇನ್ನೊಂದು, ಅದಕ್ಕೂ ಅದೇ ಗತಿ. ಅವಮಾನವೆಂದು ನಾನು ಬೈದುಕೊಂಡಿದ್ದ ಆ ಸ್ನಾನಕ್ಕೆ ಅಂದು ಮನಸಾರೆ ಕೈಮುಗಿದೆ. ಆದರೆ ಕತ್ತು? ಕತ್ತಿನ ಹತ್ತಿರ ಒಂದು ಹಾರಿದ್ದು ಗೊತ್ತು. ಕುಳಿತಿತೋ, ಹಾಗೆಯೇ ಹೋಯಿತೋ, ನನಗೆ ಕಾಣಲಿಲ್ಲ. ಬಾಲರಾಜ ಕತ್ತಿಗೆ ಪಟ್ಟನೆ ಹೊಡೆದುಕೊಂಡ. ಕೈಯಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದಾಗ ಕತ್ತಿನ ಮೇಲೆ ಕೆಂಪಗೆ ಒಂದು ಗುಳ್ಳೆ ಇತ್ತು. ಬೆವರುಗುಳ್ಳೆಯೂ ಇರಬಹುದು. ಗುಲಾಬಿ ಅದನ್ನು ನೋಡಿ ಬೈಯಲಿಲ್ಲ, ಅವಳು ಬೈಯದಿದ್ದದ್ದೇ ನನಗೆ ಹೆದರಿಕೆ ತಂದಿತು.

ಹೊರಡುವ ದಿನ ಒಡೆಟ್ ಬಾಗಿಲಲ್ಲಿ ನಿಂತು ಗುಲಾಬಿಯ ಎರಡೂ ಕೆನ್ನೆ ಹಿಡಿದು ಏನೋ ಹೇಳಿದಳು. ಅದು ಆ ಮೂವತ್ತು ಮಾತುಗಳಲ್ಲಿ ಇರಲಿಲ್ಲ, ಆದರೂ ಇಬ್ಬರಿಗೂ ಅರ್ಥವಾಯಿತು.

ನಮ್ಮ ದೇಶದ ನಿಲ್ದಾಣದಲ್ಲಿ ಗುಲಾಬಿ ತನ್ನ ಲಸಿಕೆಯ ಹಳದಿ ಕಾರ್ಡು ತೋರಿಸಿ ಗಾಲಿಕುರ್ಚಿಯಲ್ಲಿ ಹೊರಗೆ ಹೋದಳು. ಬಾಲರಾಜನನ್ನು ಪ್ರತ್ಯೇಕ ಕೋಣೆಗೆ ಕರೆದೊಯ್ದರು. ಒಳ್ಳೆಯ ಕೋಣೆ, ಕಿಟಕಿಗೆ ಜಾಲರಿ, ಮೂರು ಹೊತ್ತು ಊಟ. ಅವರು ಕೊಟ್ಟ ಬಟ್ಟೆ ಹಾಕಿಕೊಂಡು ನನ್ನನ್ನು ಗೂಟಕ್ಕೆ ನೇತುಹಾಕಿದ. ದಿನಕ್ಕೆ ಎರಡು ಸಲ ಒಬ್ಬ ನರ್ಸ್ ಬಂದು ಜ್ವರ ನೋಡುತ್ತಿದ್ದಳು. ಕಚ್ಚಿದ ಮೇಲೆ ಜ್ವರ ಬರಲು ಮೂರರಿಂದ ಆರು ದಿನ ಬೇಕಂತೆ, ಅದಕ್ಕೇ ಈ ಆರು ದಿನ. ಒಂದು ಹೋಯಿತು, ಎರಡು ಹೋಯಿತು.

ಮೂರನೆಯ ದಿನ ಬೆಳಿಗ್ಗೆ ಜ್ವರ ಬಂತು.

ನರ್ಸ್ ಹೋಗಿ ಡಾಕ್ಟರನ್ನು ಕರೆದಳು. ಅವರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ಬೆನ್ನು ನೋವಿದೆಯಾ ಎಂದು ಕೇಳಿದರು, ರಕ್ತ ತೆಗೆದುಕೊಂಡು ಹೋದರು. ಬಾಲರಾಜ ಗೋಡೆಗೆ ಒರಗಿ ಕುಳಿತ. ಫೋನ್ ಹೊಡೆದುಕೊಂಡರೂ ಎತ್ತಲಿಲ್ಲ. ನಾನು ಗೂಟದಿಂದ ನೋಡುತ್ತಲೇ ಇದ್ದೆ. ತೋಳುಗಳ ಬಗ್ಗೆ ನನಗೆ ಗೊತ್ತು, ಅಲ್ಲಿ ಒಂದೂ ಕಚ್ಚಿಲ್ಲ ಎಂದು ಕೂಗಿ ಹೇಳಬಲ್ಲೆ. ಕತ್ತಿನ ಮಾತು ಬಂದರೆ ನನಗೂ ಬಾಯಿಲ್ಲ. ಆ ಒಂದು ಗುಂಡಿ ಅವನು ಬಿಚ್ಚುವಾಗ ಕಾಜದಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳಬಾರದಿತ್ತೇ ಎಂದು ನನ್ನನ್ನೇ ಹಳಿದುಕೊಂಡೆ. ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ.

ಮಧ್ಯಾಹ್ನ ಅವನು ತಾನಾಗಿಯೇ ಅಕ್ಕನಿಗೆ ಫೋನ್ ಮಾಡಿದ. "ಜ್ವರ ಬಂದದೆ ಅಕ್ಕ" ಎಂದ. ಆ ಕಡೆಯಿಂದ ಗುಲಾಬಿಯ ದನಿ ಬಂತು: "ನಾನು ಹೊರಗೆ ಗೇಟ್ ಹತ್ರಾನೇ ಇರ್ತೀನಿ. ನೀನು ಬರೋಗಂಟ ಮನೆಗೆ ಹೋಗಲ್ಲ."

ಮರುದಿನ ಸಂಜೆ ಡಾಕ್ಟರ್ ಕೈಯಲ್ಲೊಂದು ಕಾಗದ ಹಿಡಿದು ಬಂದರು. ಬಾಲರಾಜನ ಗಂಟಲಿಗೆ ಟಾರ್ಚ್ ಬಿಟ್ಟು ನೋಡಿದರು. "ವಿಮಾನದಲ್ಲಿ ಏನ್ರೀ ಕುಡಿದ್ರಿ?"

"ಜ್ಯೂಸು ಸಾರ್. ಐಸ್ ಹಾಕಿ. ಕೊಡ್ತಾನೇ ಇದ್ರು, ನಾನೂ ಇಸ್ಕೋತಾನೇ ಇದ್ದೆ."

"ಎಷ್ಟು?"

"ಏಳೋ ಎಂಟೋ ಇರ್ಬೇಕು."

"ಗಂಟಲು ಕೆಟ್ಟಿದೆ, ಅದರದ್ದೇ ಜ್ವರ. ಹಳದಿ ಜ್ವರ ಅಲ್ಲ, ಮಲೇರಿಯಾನೂ ಅಲ್ಲ. ಬಿಸಿನೀರು ಕುಡೀರಿ."

ಬಾಲರಾಜ ನಕ್ಕ, ನಗುತ್ತಾ ನಗುತ್ತಾ ಅತ್ತ. ಗೂಟದ ಮೇಲೆ ನನಗೆ ಹೇಗಾಯಿತು ಎಂದರೆ, ಹಿಂಡಿ ಹಿಂಡಿ ಇಟ್ಟವನನ್ನು ಯಾರೋ ಕೊಡವಿ ಗಾಳಿಗೆ ಹರವಿದ ಹಾಗಾಯಿತು.

ಆರು ದಿನ ತುಂಬಿದ ಮರುಬೆಳಿಗ್ಗೆ ನನ್ನನ್ನು ತೊಟ್ಟುಕೊಂಡು ಹೊರಗೆ ಬಂದ. ಗೇಟಿನಾಚೆ ಮರದ ನೆರಳಲ್ಲಿ ಗುಲಾಬಿ, ಇಂದುಮತಿ ಇಬ್ಬರೂ ಇದ್ದರು. ಗುಲಾಬಿ ನನ್ನ ಮುಂಗೈ ಗುಂಡಿ ಬಿಚ್ಚಿದಳು. ಒಂದು ತೋಳು ಮೇಲಕ್ಕೆ ಸರಿಸಿದಳು, ಆಮೇಲೆ ಇನ್ನೊಂದು. ಅವನ ಅಂಗೈ ಹಿಂಬದಿ ಬಿಸಿಲಿಗೆ ಕಪ್ಪಾಗಿತ್ತು. ಮಣಿಕಟ್ಟಿನ ಹತ್ತಿರ ಗೆರೆ ಎಳೆದ ಹಾಗೆ ಆ ಕಪ್ಪು ನಿಂತು, ಅಲ್ಲಿಂದ ಮೇಲೆ ಕೈ ತಿಳಿಯಾಗಿತ್ತು. ಗುಲಾಬಿ ಆ ಗೆರೆಯಿಂದ ಮೊಣಕೈ ತನಕ ಬೆರಳಾಡಿಸಿಕೊಂಡು ಹೋದಳು, ಬಹಳ ನಿಧಾನವಾಗಿ.

"ಒಂದೂ ಇಲ್ಲ" ಎಂದಳು. ಅವನ ತೋಳಿಗೆ ಹಣೆ ಇಟ್ಟು ಬಿಕ್ಕಿದಳು. ಇಂದುಮತಿ ಇಬ್ಬರನ್ನೂ ತಬ್ಬಿಕೊಂಡಳು. ಮೂವರ ಕಣ್ಣೀರೂ ನನ್ನ ಮೇಲೆ ಬಿತ್ತು. ಎಣ್ಣೆ ಕುಡಿದಿದ್ದ ನಾನು ಅದನ್ನೂ ಕುಡಿದೆ.

ಇದೆಲ್ಲ ಆಗಿ ಆರು ವರ್ಷವಾಯಿತು. ಬಾಲರಾಜ ಮತ್ತೆ ಆ ಕಡೆ ಹೋಗಲಿಲ್ಲ. ನನಗೂ ವಯಸ್ಸಾಯಿತು. ಬೆನ್ನು ಸವೆಯಿತು, ಕಾಲರ್ ಹರಿಯಿತು. ಹೋದ ವರ್ಷ ಇಂದುಮತಿ ನನ್ನ ಎರಡೂ ತೋಳು ಕತ್ತರಿಸಿ ಒಲೆ ಒರೆಸುವ ಬಟ್ಟೆ ಮಾಡಿಕೊಂಡಳು. ನನಗೆ ಬೇಸರವಾಗಲಿಲ್ಲ. ಅವು ಮಾಡಬೇಕಾದ ಕೆಲಸ ಮಾಡಿ ಮುಗಿಸಿದ್ದವು. ಮಿಕ್ಕ ನನ್ನನ್ನು ಬಾಲರಾಜ ಎಣ್ಣೆ ಕಾಯಿಸುವ ದಿನ ಮಾತ್ರ ತೊಡುತ್ತಾನೆ. ಬಾಕಿ ದಿನ ನಾನು ಹಿತ್ತಿಲ ಕೊಟ್ಟಿಗೆಯ ಮೊಳೆಯಲ್ಲಿ ಇರುತ್ತೇನೆ.

ಆ ದೇಶದಲ್ಲಿ ಏನೇನು ನೋಡಿದೆ ಎಂದು ಜನ ಅವನನ್ನು ಕೇಳುತ್ತಾರೆ. ಅವನು ದಿಮ್ಮಿ ಲಾರಿಗಳ ಕತೆ ಹೇಳುತ್ತಾನೆ, ಒಡೆಟ್ ಕತೆ ಹೇಳುತ್ತಾನೆ. ನನ್ನ ತೋಳಿನ ಮೇಲೆ ಸತ್ತು ಬಿದ್ದ ಆ ಎರಡು ಸೊಳ್ಳೆಗಳ ಸುದ್ದಿ ಅವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ನನ್ನ ಬಾಳಿನ ದೊಡ್ಡ ಸಂಗತಿ ಎಂದರೆ ಆಗದೇ ಹೋದ ಒಂದು ಸಂಗತಿ. ಅದನ್ನು ಹೆಮ್ಮೆಯಿಂದ ತೋರಿಸೋಣವೆಂದರೆ ತೋರಿಸಲು ಏನೂ ಇಲ್ಲ.

ನಿನ್ನೆ ಎಣ್ಣೆ ಕಾಯಿಸುವ ದಿನ. ಬಾಲರಾಜ ನನ್ನನ್ನು ತೊಟ್ಟು ಒಲೆಯ ಮುಂದೆ ಕುಳಿತು ತೂಕಡಿಸುತ್ತಿದ್ದ. ಮನೆಯೊಳಗಿಂದ ಗುಲಾಬಿ ಕೂಗಿದಳು, "ಲೋ ಬಾಲ, ಎಣ್ಣೆ ಸೀದು ಹೋಗ್ತದೆ ನೋಡೋ!"

"ಹೂಂ ಅಕ್ಕ, ಇಲ್ಲೇ ಇದೀನಿ" ಎಂದ ಅವನು.